ಬರೆಯುವ ಕೈ, ಬೀಗದ ಕೈ

ಪುತ್ತೂರು ತಾಲೂಕಿನ ಈಶ್ವರಮಂಗಲ ಅಡಿಕೆ ತೋಟಗಳ ನಡುವಿನ ಗಡಿ ಪೇಟೆ. 1956ರ ನವೆಂಬರ್ 1ರಂದು ಪಕ್ಕದ ಕಾಸರಗೋಡು ಕೇರಳಕ್ಕೆ ಸೇರಿತು. ಆದರೂ ಇಲ್ಲಿನ ನೆಂಟಸ್ತಿಕೆಯಾಗಲಿ, ತುಳು, ಕನ್ನಡ, ಮಲಯಾಳ ಬೆರೆಸಿ ನಡೆಯುವ ವ್ಯಾಪಾರವಾಗಲಿ ರಾಜ್ಯದ ಗೆರೆಯನ್ನು ಲೆಕ್ಕಿಸಲಿಲ್ಲ. ಇಂಥ ಪೇಟೆಗಳ ಅಡಿಕೆ ಅಂಗಡಿಗಳಲ್ಲಿ ಪಟೋರ, ಕರಿಗೋಟು ಎಂದು ಬೇರ್ಪಡಿಸುವ ಕಣ್ಣಿಗೆ ಎಷ್ಟು ಬೆಲೆಯೋ ಲೆಕ್ಕ ಬರೆಯುವ ಕೈಗೂ ಅಷ್ಟೇ.

ಆ ಕೈಯನ್ನು ನಂಬಲೇಬೇಕಿತ್ತು, ಪೂರ್ತಿ ನಂಬುವಂತೆಯೂ ಇರಲಿಲ್ಲ. ಹಳೆಯ ಅಂಗಡಿ ಇದಕ್ಕೆ ಕೆಲಸ ಹಂಚುವ ಉಪಾಯ ಕಂಡುಕೊಂಡಿತ್ತು. ದಿನದ ವಹಿವಾಟು ಕಿರ್ದಿಗೆ, ಅಲ್ಲಿಂದ ಅವರವರ ಖಾತೆಗೆ. ಬರೆಯುವವನು ಗುಮಾಸ್ತ, ಪೆಟ್ಟಿಗೆಯ ಕೀಲಿಕೈ ಧಣಿಯದ್ದು. ಗುಮಾಸ್ತ ಕೆಲಸ ಬಿಟ್ಟುಹೋದರೂ ಪುಸ್ತಕ ಅಂಗಡಿಯಲ್ಲೇ ಉಳಿಯುತ್ತಿತ್ತು.

ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯ ಬ್ಯಾಂಕೊಂದು ಈ ಉಪಾಯವನ್ನು ಅಂಗಡಿಯಿಂದ ಬೀದಿಗೆ ತಂದಿತು. 1925ರಲ್ಲಿ ಉಡುಪಿಯಲ್ಲಿ ಶುರುವಾದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಮುಂದಿನ ಸಿಂಡಿಕೇಟ್ ಬ್ಯಾಂಕ್, 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಏಜೆಂಟ್ ಬಾಗಿಲಿಗೇ ಬಂದು ಎರಡಾಣೆಯನ್ನೂ ಒಯ್ಯುತ್ತಿದ್ದ. ಅವನ ಪುಸ್ತಕದ ಜೊತೆ ಗ್ರಾಹಕನ ಕೈಯಲ್ಲೂ ಲೆಕ್ಕ ಇರಬೇಕು, ಎರಡೂ ತಾಳೆಯಾಗಬೇಕು. ಬ್ಯಾಂಕು ಮಾತ್ರ ಈ ಏಜೆಂಟರನ್ನು ನೌಕರರೆಂದು ಒಪ್ಪಲಿಲ್ಲ, ಕಮಿಷನ್ ಕೊಟ್ಟು ಸುಮ್ಮನಾಯಿತು. ದಿನವಿಡೀ ಪರರ ಹಣ ಹೊತ್ತು ತಿರುಗುವವರ ಸ್ಥಾನಮಾನದ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅವರು ಕಾರ್ಮಿಕರೇ ಎಂಬ ತೀರ್ಪು ಬಂದದ್ದು 2001ರಲ್ಲಿ!

ಲೆಕ್ಕಕ್ಕಷ್ಟೇ ಅಲ್ಲ, ದರಕ್ಕೂ ಎರಡನೆಯ ಕಣ್ಣು ಬೇಕಿತ್ತು. ಅಡಿಕೆಯ ಧಾರಣೆ ಕುಸಿದು ಬೆಳೆಗಾರ ಕಂಗಾಲಾದ ಮೇಲೆ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ 1973ರಲ್ಲಿ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹುಟ್ಟಿತು. ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರಿಗೆ ಅದು ಸಲ್ಲುತ್ತದೆ. ಖಾಸಗಿ ವ್ಯಾಪಾರಿಯ ಬಾಯಿಮಾತೇ ದರವಾಗಿದ್ದ ಪೇಟೆಗಳಿಗೆ ಇನ್ನೊಂದು ತಕ್ಕಡಿ ಬಂದಂತಾಯಿತು.

2016ರಿಂದ ಲೆಕ್ಕದ ದಾರಿಯೇ ಬೇರೆಯಾಯಿತು. ಏಪ್ರಿಲಿನಲ್ಲಿ ಯುಪಿಐ, ನವೆಂಬರ್ 8ರ ರಾತ್ರಿ ನೋಟು ರದ್ದತಿ, ಮರುವರ್ಷ ಜುಲೈ 1ಕ್ಕೆ ಜಿಎಸ್‌ಟಿ. ಸಣ್ಣ ಅಂಗಡಿಯ ಕಿರ್ದಿ, ಪೆಟ್ಟಿಗೆ, ಕೀಲಿಕೈ ಮೂರೂ ಒಂದೇ ಮೊಬೈಲಿಗೆ ಇಳಿದವು. ಆ್ಯಪ್ ಹಾಕಿಕೊಟ್ಟವನು ಹೆಚ್ಚಾಗಿ ಅಂಗಡಿಯ ಹುಡುಗನೇ. ಪಾಸ್‌ವರ್ಡ್ ಇಟ್ಟವನೂ ಅವನೇ. ಅವನು ಬೆಂಗಳೂರಿಗೋ ಗಲ್ಫಿಗೋ ಹೊರಟರೆ ಗುಟ್ಟು ಅವನ ಜೊತೆಗೇ ಹೋಗುತ್ತದೆ. ಸಂಬಳ ಬಾಕಿ ಉಳಿಸಿಕೊಂಡು ಕಳಿಸಿದವನ ಬಳಿ ಹಾಗೆ ಗುಟ್ಟು ಬಿಡುವುದು ಶುದ್ಧ ದಡ್ಡತನ. ಬೇರೆಯವರ ಪಾಸ್‌ವರ್ಡನ್ನು ಮೋಸಕ್ಕೆ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷದವರೆಗೆ ಜೈಲಾಗಬಹುದು, ನಿಜ. ಆದರೆ ಕಾಯ್ದೆ ಬರುವುದು ಹಣ ಹೋದ ಮೇಲೆ.

ಹೊರಗಿನ ಕಳ್ಳನಿಗೂ ಈ ಒಂದೇ ಮೊಬೈಲು ಸಾಕು. ‘ಹಣ ಬರಬೇಕಾದರೆ ಪಿನ್ ಒತ್ತಿ’ ಎಂದು ಫೋನಿನಲ್ಲಿ ಹೇಳಿದರೆ ಗಡಿಬಿಡಿಯಲ್ಲಿ ಒತ್ತುವವರಿದ್ದಾರೆ. ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಪಾವತಿಯ ನಕಲಿ ಸ್ಕ್ರೀನ್‌ಶಾಟ್ ತೋರಿಸಿ ಸಾಮಾನು ಹೊತ್ತೊಯ್ಯುವವರೂ ಉಂಟು. ಮೋಸವಾದ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಹಣ ಮುಂದೆ ಸಾಗದಂತೆ ತಡೆಯುವ ಸಾಧ್ಯತೆ ಹೆಚ್ಚು.

ಕಂಪನಿ ಖಾತೆಗಳ ನೆಟ್ ಬ್ಯಾಂಕಿಂಗಿನಲ್ಲಿ ಪಾವತಿಯನ್ನು ಒಬ್ಬರು ನಮೂದಿಸಿ ಇನ್ನೊಬ್ಬರು ಒಪ್ಪಿಗೆ ಕೊಡುವ ಏರ್ಪಾಡು ಈಗಲೂ ಇದೆ. ಮಾಲೀಕನ ಸ್ವಂತ ಖಾತೆಯಲ್ಲೇ ವ್ಯಾಪಾರ ನಡೆಸುವ ಅಂಗಡಿಯಲ್ಲಿ ಹೆಚ್ಚಾಗಿ ಅದು ಇರುವುದಿಲ್ಲ. ಅಲ್ಲಿ ನಾಲ್ಕೋ ಆರೋ ಅಂಕಿಯ ಒಂದು ಪಿನ್ನೇ ಎಲ್ಲ.