ಜಿಯಾನ್‌ಜಿಂಗ್

ಚೀನೀ ಸೂಜಿಚಿಕಿತ್ಸೆಯಲ್ಲಿ ಹೆಗಲು ಮತ್ತು ಕುತ್ತಿಗೆ ನೋವಿಗೆ ಬಳಸುವ ಮುಖ್ಯ ಬಿಂದು; ಪಿತ್ತಕೋಶದ ನಾಡಿಪಥದಲ್ಲಿ 21ನೆಯದು. ತಲೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಉಬ್ಬಿ ಕಾಣುವ ಎಲುಬಿಗೂ ಭುಜದ ತುದಿಗೂ ನಟ್ಟನಡುವೆ ಇದರ ಸ್ಥಾನ. ಅಣ್ಣಿಗೇರಿಯ ಪೇಟೆಯಲ್ಲಿ ಕಡಲೆ ಚೀಲ ಹೊರುವ ಹಮಾಲರು, ಸವುಳು ನೀರಿನ ನವಲಗುಂದ ಸೀಮೆಯಲ್ಲಿ ಕೆರೆಯಿಂದ ಕೊಡ ಹೊತ್ತು ತರುವ ಹೆಣ್ಣುಮಕ್ಕಳು ‘ಹೆಗಲು ಹಿಡಕೊಂಡೈತಿ’ ಎಂದು ಒತ್ತಿ ತೋರಿಸುವುದು ಬಹುಮಟ್ಟಿಗೆ ಈ ಜಾಗವನ್ನೇ.

ಹುವಾಂಗ್‌ಫು ಮಿ 3ನೆಯ ಶತಮಾನದಲ್ಲಿ ರಚಿಸಿದ ‘ಝೆನ್‌ಜಿಯು ಜಿಯಾಯಿ ಜಿಂಗ್’ ಗ್ರಂಥದಲ್ಲಿ ಈ ಬಿಂದು ದಾಖಲಾಗಿದೆ. 1027ರಲ್ಲಿ ಸೊಂಗ್ ದೊರೆಯ ಆಸ್ಥಾನ ವೈದ್ಯ ವಾಂಗ್ ವೆಯ್‌ಯಿ ಬಿಂದುಗಳನ್ನು ಕಲಿಸಲೆಂದು ಆಳೆತ್ತರದ ಕಂಚಿನ ಪ್ರತಿಮೆಗಳನ್ನು ಮಾಡಿಸಿದ.

ಭಾರತೀಯ ವೈದ್ಯಕ್ಕೂ ಈ ಜಾಗ ಹೊಸದಲ್ಲ. ಸುಶ್ರುತ ಸಂಹಿತೆಯ 107 ಮರ್ಮಗಳಲ್ಲಿ ‘ಅಂಸ’ ಎಂಬುದು ತೋಳಿನ ನೆತ್ತಿಗೂ ಕೊರಳಿಗೂ ನಡುವೆ ಇದೆ. ಅಲ್ಲಿ ಪೆಟ್ಟುಬಿದ್ದರೆ ತೋಳು ಸೆಟೆದುಹೋಗುತ್ತದೆ ಎನ್ನುತ್ತದೆ ಗ್ರಂಥ. ಚೀನೀ ವೈದ್ಯ ಸೂಜಿ ಇಡಲು ಹುಡುಕಿದ ಎಡೆಯನ್ನು ನಮ್ಮ ಶಸ್ತ್ರವೈದ್ಯ ಕಾಪಾಡಬೇಕಾದ ಎಡೆಯೆಂದು ಕಂಡ. ಎರಡೂ ಪರಂಪರೆಗಳನ್ನು ಒಟ್ಟಿಗೆ ಓದುವವರಿಗೆ ಇದಕ್ಕಿಂತ ಬೆಲೆಯುಳ್ಳ ಹೋಲಿಕೆ ಸಿಗಲಾರದು.

ಭಾರತಕ್ಕೆ ಸೂಜಿಚಿಕಿತ್ಸೆ ಬಂದದ್ದು ಒಂದು ಯುದ್ಧದ ಸ್ನೇಹದಿಂದ. ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ 1938ರಲ್ಲಿ ಐವರು ಭಾರತೀಯ ವೈದ್ಯರು ತೆರಳಿದರು. ಅವರಲ್ಲೊಬ್ಬರಾದ, ಕನ್ನಡಿಗರೂ ನೆಲೆಸಿರುವ ಗಡಿಜಿಲ್ಲೆ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ ಅಲ್ಲೇ 1942ರಲ್ಲಿ ತೀರಿಕೊಂಡರು. ಅದೇ ತಂಡದ ಇನ್ನೊಬ್ಬ ವೈದ್ಯ ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಈ ವಿದ್ಯೆ ಕಲಿತು, 1959ರಲ್ಲಿ ಕಲ್ಕತ್ತೆಯಲ್ಲಿ ಚಿಕಿತ್ಸೆ ಆರಂಭಿಸಿದರು.

ಸುಶ್ರುತನ ಎಚ್ಚರಿಕೆ ಇಂದಿಗೂ ಬೇಕು. ಹೆಗಲಿನ ಈ ಸ್ನಾಯುವಿನ ಕೆಳಗೇ ಶ್ವಾಸಕೋಶದ ತುದಿ ಇದೆ. ಸೂಜಿ ಆಳಕ್ಕಿಳಿದರೆ ಎದೆಗೂಡಿಗೆ ಗಾಳಿ ನುಗ್ಗಿ ಶ್ವಾಸಕೋಶ ಕುಸಿಯಬಹುದು. ಇಂಥ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಬಸುರಿಯರಿಗೆ ಈ ಬಿಂದುವನ್ನು ಚೀನೀ ಪರಂಪರೆಯೇ ನಿಷೇಧಿಸಿದೆ. ಕುತ್ತಿಗೆ ನೋವಿಗೆ ಸೂಜಿಯಿಂದ ಕೆಲಕಾಲದ ಶಮನ ಸಿಗುತ್ತದೆಂದು ಹಲವು ಪರೀಕ್ಷೆಗಳು ತೋರಿಸಿದರೂ, ಹೋಲಿಕೆಗೆಂದು ಬಳಸುವ ಹುಸಿ ಸೂಜಿಗಿಂತ ಅದು ಎಷ್ಟು ಮೇಲು ಎಂಬ ಚರ್ಚೆ ಮುಗಿದಿಲ್ಲ. ಹೊರೆ ಹೊತ್ತು ದಣಿದ ಹೆಗಲನ್ನು ಬೆರಳಿನಿಂದ ಹದವಾಗಿ ಒತ್ತಿಕೊಳ್ಳಬಹುದು. ನೋವು ಎಡಗೈಗೆ ಇಳಿದು, ಬೆವರು, ಎದೆಬಿಗಿತ ಜೊತೆಗೂಡಿದರೆ ಹೃದಯಾಘಾತವಿರಬಹುದು. ಆಗ ಬಿಂದು ಹುಡುಕುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.