ಡ್ಯೂಟಿ ಮುಗಿದ ಮೇಲೆ – ಭಾಗ 14: ಜೂನ್ 19ಕ್ಕೆ ಇಲ್ಲಿ ರಜೆ ಯಾಕೆ?

ಹೋದ ಭಾಗದ ಕೊನೆಗೆ "ಜೂನ್ 19ಕ್ಕೆ ಊರಿಗೆಲ್ಲ ರಜೆ, ನನಗೆ ಮಾತ್ರ ಡ್ಯೂಟಿ" ಅಂತ ಒಂದು ಸಾಲು ಹಾಕಿದ್ದೆ. ಯಲ್ಲಾಪುರದಿಂದ ಚಿಕ್ಕಪ್ಪ ಕೇಳಿದರು: "ಅಮೆರಿಕದ ಸ್ವಾತಂತ್ರ್ಯ ದಿನ ಜುಲೈ 4 ಅಲ್ವೇನೇ, ಇದ್ಯಾವುದು ಹೊಸದು?" ಅದರ ಕೆಳಗೆ ಇನ್ನೊಬ್ಬರು (ಹೆಸರು ಬೇಡ, ನಮ್ಮವರೇ) "ಗುಲಾಮಗಿರಿ ಹೋಗಿ ನೂರೈವತ್ತು ವರ್ಷ ದಾಟಿತು, ಇನ್ನೂ ಅದನ್ನೇ ಹಿಡ್ಕೊಂಡು ಕೂತಿದ್ದಾರೆ" ಅಂದರು. ಎರಡಕ್ಕೂ ಕಾಮೆಂಟಿನಲ್ಲಿ ಉತ್ತರ ಬರೆಯೋಕೆ ಆಗಲ್ಲ. ಹಾಗಾಗಿ ಈ ವಾರ ಆಸ್ಪತ್ರೆ ಸುದ್ದಿ ಇಲ್ಲ, ಇತಿಹಾಸ. ಉದ್ದ ಇದೆ, ಚಹಾ ಇಟ್ಟುಕೊಂಡು ಕೂತ್ಕೊಳ್ಳಿ.

ಈ ದಿನದ ಹೆಸರು ಜೂನ್‌ಟೀನ್ತ್. ಜೂನ್ ಮತ್ತು ನೈನ್‌ಟೀನ್ತ್ ಸೇರಿ ಆಡುಮಾತಿನಲ್ಲಿ ಹಾಗಾಗಿದೆ. ಇದು ಹುಟ್ಟಿದ್ದು ನಾನಿರುವ ಹ್ಯೂಸ್ಟನ್‌ನಿಂದ ಕಾರಿನಲ್ಲಿ ಒಂದು ಗಂಟೆ ದೂರದ ಗ್ಯಾಲ್ವೆಸ್ಟನ್ ಎಂಬ ಕಡಲ ತೀರದ ಊರಲ್ಲಿ. ಮೀನು ತಿನ್ನೋಕೆ ಹೋಗಿದ್ವಿ ಅಂತ ಫೋಟೋ ಹಾಕಿದ್ದೆನಲ್ಲ, ಅದೇ ಊರು.

ಅಬ್ರಹಾಂ ಲಿಂಕನ್ ವಿಮೋಚನೆಯ ಘೋಷಣೆ ಮಾಡಿದ್ದು 1863ರ ಜನವರಿ 1ಕ್ಕೆ. ನಾವು ಶಾಲೆಯಲ್ಲಿ ಓದಿದ್ದು ಅಷ್ಟೇ: ಲಿಂಕನ್ ಸಹಿ ಹಾಕಿದ, ಗುಲಾಮಗಿರಿ ಹೋಯಿತು. ನಿಜವಾಗಿ ಆ ಘೋಷಣೆ ಅನ್ವಯವಾಗಿದ್ದು ಒಕ್ಕೂಟದ ವಿರುದ್ಧ ದಂಗೆ ಎದ್ದ ರಾಜ್ಯಗಳಿಗೆ ಮಾತ್ರ. ಅಲ್ಲೂ ಲಿಂಕನ್‌ನ ಸೈನ್ಯ ಹೋಗಿ ನಿಂತ ಕಡೆ ಮಾತ್ರ ಅದಕ್ಕೆ ಬೆಲೆ. ಟೆಕ್ಸಾಸ್ ದೂರದ ಮೂಲೆ. ಯುದ್ಧ ಹತ್ತಿರ ಬಂದ ಹಾಗೆ ಬೇರೆ ರಾಜ್ಯಗಳ ಯಜಮಾನರು ತಮ್ಮ ಗುಲಾಮರನ್ನು ಹೊಡೆದುಕೊಂಡು ಇಲ್ಲಿಗೇ ತಂದರು, ದನ ಅಟ್ಟಿಕೊಂಡು ಬಂದ ಹಾಗೆ. ಹೀಗೆ ಸುಮಾರು ಎರಡೂವರೆ ಲಕ್ಷ ಜನ ಟೆಕ್ಸಾಸ್‌ನಲ್ಲಿ ಗುಲಾಮರಾಗಿಯೇ ಉಳಿದರು. 1865ರ ಏಪ್ರಿಲ್‌ನಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದ. ಆಮೇಲೂ ಎರಡು ತಿಂಗಳು ಇಲ್ಲಿ ಏನೂ ಬದಲಾಗಲಿಲ್ಲ. ಜೂನ್ 19ಕ್ಕೆ ಜನರಲ್ ಗೋರ್ಡನ್ ಗ್ರೇಂಜರ್ ಗ್ಯಾಲ್ವೆಸ್ಟನ್‌ನಲ್ಲಿ ಮೂರನೇ ನಂಬರಿನ ಆದೇಶ ಹೊರಡಿಸಿದ: ಗುಲಾಮರೆಲ್ಲ ಸ್ವತಂತ್ರರು. ಘೋಷಣೆಯಾಗಿ ಎರಡೂವರೆ ವರ್ಷದ ಮೇಲೆ!

"ಪಾಪ, ಅವರಿಗೆ ಸುದ್ದಿ ತಡವಾಗಿ ಮುಟ್ಟಿತು" ಅಂತ ಇದನ್ನು ಕತೆಯ ಹಾಗೆ ಹೇಳುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ. ಯಜಮಾನರಿಗೆ ಸುದ್ದಿ ಚೆನ್ನಾಗಿಯೇ ಗೊತ್ತಿತ್ತು. ಇಲ್ಲದಿದ್ದದ್ದು ಅದನ್ನು ಜಾರಿ ಮಾಡುವ ಸೈನ್ಯ. ಆದೇಶ ಬಂದ ಮೇಲೂ ಹತ್ತಿ ಬಿಡಿಸಿ ಮುಗಿಯುವ ತನಕ ಬಾಯಿ ಬಿಡದ ಯಜಮಾನರಿದ್ದರು. ಇನ್ನು ಆ ಆದೇಶವನ್ನು ಓದಿದರೆ ಇನ್ನೊಂದು ವಿಷಯ ಕಾಣುತ್ತದೆ. ಮೊದಲ ಭಾಗದಲ್ಲಿ ಯಜಮಾನ ಮತ್ತು ಗುಲಾಮರ ನಡುವೆ ಹಕ್ಕಿನಲ್ಲೂ ಆಸ್ತಿಯಲ್ಲೂ ಪೂರ್ತಿ ಸಮಾನತೆ ಅಂತಿದೆ. ಮುಂದಿನ ಸಾಲುಗಳಲ್ಲಿ, ಇರುವ ಮನೆಯಲ್ಲೇ ಸುಮ್ಮನೆ ಇದ್ದು ಕೂಲಿಗೆ ದುಡಿಯಿರಿ, ಸೋಮಾರಿಯಾಗಿ ಕೂತರೆ ಸರ್ಕಾರ ಸಾಕುವುದಿಲ್ಲ ಅಂತ ಬುದ್ಧಿವಾದ. ಅಷ್ಟು ತಲೆಮಾರು ಪುಕ್ಕಟೆ ದುಡಿದವರಿಗೆ! ಕೈಗೆ ಜಮೀನು ಕೊಡಲಿಲ್ಲ, ಕಾಸು ಕೊಡಲಿಲ್ಲ.

ಆದರೂ ಅವರು ಮರುವರ್ಷವೇ ಆ ದಿನವನ್ನು ಹಬ್ಬ ಮಾಡಿದರು. ಹ್ಯೂಸ್ಟನ್‌ನಲ್ಲಿ ಹಬ್ಬ ಮಾಡೋಕೆ ಜಾಗ ಬೇಕಲ್ಲ? 1872ರಲ್ಲಿ, ಗುಲಾಮಗಿರಿಯಿಂದ ಹೊರಬಂದು ಏಳೇ ವರ್ಷಕ್ಕೆ, ಪಾದ್ರಿ ಜ್ಯಾಕ್ ಯೇಟ್ಸ್ ಮತ್ತು ಸಂಗಡಿಗರು ಜನರಿಂದ ದುಡ್ಡು ಕೂಡಿಸಿ ಹತ್ತು ಎಕರೆ ಕೊಂಡರು. ಅದೇ ಇವತ್ತಿನ ಇಮ್ಯಾನ್ಸಿಪೇಷನ್ ಪಾರ್ಕ್. ಮುಂದೆ ಬಹಳ ವರ್ಷ ಈ ಊರಲ್ಲಿ ಕಪ್ಪು ಜನರಿಗೆ ಪ್ರವೇಶವಿದ್ದ ಸಾರ್ವಜನಿಕ ಪಾರ್ಕ್ ಅದೊಂದೇ. ಈಗಲೂ ಜೂನ್ 19ಕ್ಕೆ ಅಲ್ಲಿ ಹಾಡು, ಕುಣಿತ, ಕೆಂಪು ಸೋಡಾ, ಕಲ್ಲಂಗಡಿ, ಬಾರ್ಬೆಕ್ಯೂ ಎಲ್ಲ ಇರುತ್ತದೆ.

ನಾನು ನರ್ಸ್ ಆದ ಕಾರಣ ನನ್ನ ಮನಸ್ಸಲ್ಲಿ ಉಳಿದದ್ದು ಅದೇ ಥರ್ಡ್ ವಾರ್ಡ್ ಪ್ರದೇಶದ ಇನ್ನೊಂದು ಕಟ್ಟಡ. ಆಗ ಬಿಳಿಯರ ಆಸ್ಪತ್ರೆಗಳಲ್ಲಿ ಕಪ್ಪು ಡಾಕ್ಟರು ತಮ್ಮ ರೋಗಿಯನ್ನು ದಾಖಲು ಮಾಡಿ ತಾವೇ ನೋಡುವ ಹಾಗಿರಲಿಲ್ಲ. ಕಪ್ಪು ಜನರಿಗಾಗಿಯೇ ಕಟ್ಟಿದ ಹ್ಯೂಸ್ಟನ್ ನೀಗ್ರೋ ಹಾಸ್ಪಿಟಲ್ (ಅವತ್ತಿನ ಹೆಸರು ಹಾಗಿತ್ತು) ಉದ್ಘಾಟನೆ ಆದದ್ದು 1926ರ ಜೂನ್ 19ಕ್ಕೆ. ದಿನವನ್ನು ಬೇಕೆಂದೇ ಆರಿಸಿದ್ದು. ಆಮೇಲೆ ಅಲ್ಲೇ ನರ್ಸಿಂಗ್ ಶಾಲೆಯೂ ಶುರುವಾಯಿತು.

ಈಗ ಕಷ್ಟದ ಭಾಗ. ಮಕ್ಕಳಿಗೆ ಓದಿ ಹೇಳುವವರು ಈ ಒಂದು ಪ್ಯಾರಾ ಬಿಟ್ಟುಬಿಡಿ. ಇದೇ ಟೆಕ್ಸಾಸ್‌ನ ವೇಕೋ ಎಂಬ ಊರಲ್ಲಿ 1916ರ ಮೇ 15ಕ್ಕೆ ಜೆಸ್ಸಿ ವಾಷಿಂಗ್ಟನ್ ಎಂಬ 17 ವರ್ಷದ ಕೂಲಿ ಹುಡುಗನನ್ನು ಬಿಳಿ ಹೆಂಗಸಿನ ಕೊಲೆ ಆರೋಪದ ಮೇಲೆ ಕೋರ್ಟಿಗೆ ತಂದರು. ಜ್ಯೂರಿ ತಪ್ಪಿತಸ್ಥ ಅನ್ನಲು ತೆಗೆದುಕೊಂಡದ್ದು ನಾಲ್ಕು ನಿಮಿಷ. ಜನ ಅವನನ್ನು ಕೋರ್ಟಿನಿಂದಲೇ ಎಳೆದುಕೊಂಡು ಹೋಗಿ ಸಿಟಿ ಹಾಲ್ ಎದುರು ಮರಕ್ಕೆ ಕಟ್ಟಿ ಜೀವಂತ ಸುಟ್ಟರು. ನೋಡಲು ಸೇರಿದವರು ಹತ್ತು ಸಾವಿರಕ್ಕೂ ಹೆಚ್ಚು. ಮೇಯರ್ ನೋಡಿದ. ಶಾಲೆಯ ಮಕ್ಕಳು ಮಧ್ಯಾಹ್ನದ ಬಿಡುವಿನಲ್ಲಿ ಬಂದು ನೋಡಿದರು. ಫೋಟೋಗ್ರಾಫರ್ ಒಬ್ಬ ಚಿತ್ರ ತೆಗೆದ, ಅದನ್ನು ಪೋಸ್ಟ್‌ಕಾರ್ಡ್ ಮಾಡಿ ಮಾರಿದರು. ಯಾರಿಗೂ ಶಿಕ್ಷೆ ಆಗಲಿಲ್ಲ. ಡು ಬೋಯಿಸ್ ತಮ್ಮ ಪತ್ರಿಕೆ 'ದಿ ಕ್ರೈಸಿಸ್'ನಲ್ಲಿ ಆ ಚಿತ್ರಗಳನ್ನೇ ಅಚ್ಚು ಹಾಕಿ ದೇಶಕ್ಕೆ ತೋರಿಸಿದರು.

ಕತ್ತಲಲ್ಲಿ ನಾಲ್ಕು ಪುಂಡರು ಮಾಡಿದ ಕೆಲಸ ಅಂತ ಇದನ್ನು ತಳ್ಳಿಹಾಕಲು ಬರುವುದಿಲ್ಲ. ಹಗಲು ಹೊತ್ತಿನಲ್ಲಿ, ಮನೆಮಂದಿಯೊಟ್ಟಿಗೆ ನಿಂತು ಮಾಡಿದ್ದು. 1877ರಿಂದ 1950ರವರೆಗೆ ಹೀಗೆ ಗುಂಪು ಸೇರಿ ಕೊಂದ 4,400ಕ್ಕೂ ಹೆಚ್ಚು ಕಪ್ಪು ಜನರ ಲೆಕ್ಕ ಸಿಕ್ಕಿದೆ. ಅಲಬಾಮಾದ ಮಾಂಟ್‌ಗಮರಿಯಲ್ಲಿ 2018ರಲ್ಲಿ ಅವರಿಗೆ ಸ್ಮಾರಕ ಆಯಿತು. ಕೊಲೆ ನಡೆದ ಒಂದೊಂದು ಕೌಂಟಿಗೆ ಒಂದೊಂದು ಉಕ್ಕಿನ ಕಂಬ, ಒಟ್ಟು 800ಕ್ಕೂ ಹೆಚ್ಚು. ಇದರ ವಿರುದ್ಧ ಕೇಂದ್ರ ಕಾನೂನು ಬೇಕು ಅಂತ ಮೊದಲ ಮಸೂದೆ ತಂದದ್ದು 1900ರಲ್ಲಿ, ಆಗ ಕಾಂಗ್ರೆಸ್ಸಿನಲ್ಲಿದ್ದ ಒಬ್ಬನೇ ಕಪ್ಪು ಸದಸ್ಯ ಜಾರ್ಜ್ ಹೆನ್ರಿ ವೈಟ್. ಕಾನೂನು ಆಗಿದ್ದು 2022ರಲ್ಲಿ. ನಾನು ಮಧ್ಯದಲ್ಲಿ ಸೊನ್ನೆ ತಪ್ಪಿಸಿಲ್ಲ, 122 ವರ್ಷ.

"ಇನ್ನೂ ಅದನ್ನೇ ಹಿಡ್ಕೊಂಡು" ಅಂದವರಿಗೆ ಓಪಲ್ ಲೀ ಅಜ್ಜಿಯ ಬಗ್ಗೆ ಹೇಳಬೇಕು. 1939ರಲ್ಲಿ ಅವರ ತಂದೆತಾಯಿ ಫೋರ್ಟ್ ವರ್ತ್‌ನಲ್ಲಿ ಬಿಳಿಯರ ಕೇರಿಯಲ್ಲಿ ಒಂದು ಮನೆ ತೆಗೆದುಕೊಂಡರು. ಓಪಲ್‌ಗೆ ಆಗ 12 ವರ್ಷ. ಸಂಸಾರ ಹೂಡಿ ಕೆಲವೇ ದಿನಕ್ಕೆ ನೂರಾರು ಜನ ಬಂದು ಮನೆಗೆ ನುಗ್ಗಿ ಸಾಮಾನು ಒಡೆದು ಬೆಂಕಿ ಇಟ್ಟರು. ಪೊಲೀಸರು ಅಲ್ಲೇ ಇದ್ದರು, ತಡೆಯಲಿಲ್ಲ. ಆ ತಾರೀಕು ಜೂನ್ 19. ಅಜ್ಜಿ ಮುಂದೆ ಟೀಚರ್ ಆದರು. 2016ರಲ್ಲಿ, 89ನೇ ವಯಸ್ಸಿಗೆ, ಜೂನ್‌ಟೀನ್ತ್ ರಾಷ್ಟ್ರೀಯ ರಜೆ ಆಗಬೇಕು ಅಂತ ಫೋರ್ಟ್ ವರ್ತ್‌ನಿಂದ ವಾಷಿಂಗ್ಟನ್ ಕಡೆಗೆ ನಡೆಯಲು ಹೊರಟರು. ದಿನಕ್ಕೆ ಎರಡೂವರೆ ಮೈಲಿ, ಆ ಎರಡೂವರೆ ವರ್ಷದ ಲೆಕ್ಕಕ್ಕೆ. 2021ರ ಜೂನ್ 17ಕ್ಕೆ ಅಧ್ಯಕ್ಷ ಬೈಡನ್ ಸಹಿ ಹಾಕುವಾಗ 94ರ ಅಜ್ಜಿ ಪಕ್ಕದಲ್ಲೇ ನಿಂತಿದ್ದರು. ಸುಟ್ಟುಹೋದ ಮನೆಯ ಜಾಗವನ್ನು ಅದರ ಆಗಿನ ಒಡೆತನದ ಸಂಸ್ಥೆ ಹತ್ತು ಡಾಲರಿಗೆ ಅಜ್ಜಿಗೇ ಕೊಟ್ಟಿತು. ಅಲ್ಲೇ ಹೊಸ ಮನೆ ಕಟ್ಟಿಸಿಕೊಟ್ಟರು, 2024ರಲ್ಲಿ ಗೃಹಪ್ರವೇಶ. ಅಂದರೆ ಆ ಬೆಂಕಿಯನ್ನು ಕಣ್ಣಾರೆ ಕಂಡವರ ಕಾಲ ಇದು, ಎಲ್ಲೋ ಪುರಾಣದ ಮಾತಲ್ಲ.

ನಮಗೂ ಇದಕ್ಕೂ ಏನು ಸಂಬಂಧ ಅಂತ ಕೇಳಿದರೆ, ನನ್ನ ಹತ್ತಿರ ಬಹಳ ನೇರವಾದ ಉತ್ತರ ಇದೆ. 1965ಕ್ಕೆ ಮುಂಚೆ ಭಾರತದಿಂದ ಇಲ್ಲಿ ಬಂದು ನೆಲೆಸಲು ವರ್ಷಕ್ಕೆ ಸುಮಾರು ನೂರು ಜನರಿಗೆ ಮಾತ್ರ ಅವಕಾಶ. ಕಪ್ಪು ಜನರ ಹಕ್ಕಿನ ಹೋರಾಟ ಜೋರಾಗಿದ್ದ ಕಾಲದಲ್ಲೇ, 1964ರ ನಾಗರಿಕ ಹಕ್ಕುಗಳ ಕಾನೂನಿನ ಬೆನ್ನಿಗೆ ಬಂದ 1965ರ ವಲಸೆ ಕಾನೂನು ದೇಶ ನೋಡಿ ಜನರನ್ನು ಅಳೆಯುವ ಆ ಕೋಟಾ ತೆಗೆಯಿತು. ಭಾರತದ ನರ್ಸುಗಳು, ಡಾಕ್ಟರುಗಳು ಸಾಲುಸಾಲಾಗಿ ಬಂದದ್ದು ಆಮೇಲೆ. ಆ ಬಾಗಿಲಿನಿಂದಲೇ ನಾನೂ ಬಂದೆ. ನಮ್ಮಲ್ಲಿ ಜ್ಯೋತಿಬಾ ಫುಲೆ 1873ರಲ್ಲೇ 'ಗುಲಾಮಗಿರಿ' ಪುಸ್ತಕವನ್ನು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದ್ದರು. ಅವರಿಗೆ ಸಂಬಂಧ ಕಂಡಿತ್ತು.

ಅಷ್ಟು ದೂರ ಯಾಕೆ, ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಯರು? ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದು, ತಪ್ಪಿಸಿಕೊಂಡು ನಮ್ಮ ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳು. ಪರಿಶಿಷ್ಟ ಪಂಗಡದ ಪಟ್ಟಿಗೆ ಅವರು ಸೇರಿದ್ದೇ 2003ರಲ್ಲಿ. ನಮ್ಮ ಅಡಿಕೆ ತೋಟದಲ್ಲಿ ಅವರು ದುಡಿದದ್ದನ್ನು ಎಲ್ಲರೂ ನೋಡಿದ್ದೇವೆ, ಅವರಿಗೆ ಚಹಾ ಯಾವ ಲೋಟದಲ್ಲಿ ಎಲ್ಲಿ ಕೂರಿಸಿ ಕೊಡುತ್ತಿದ್ದರು ಅನ್ನುವುದನ್ನೂ. ಇಲ್ಲಿಗೆ ಬಂದ ನಮ್ಮವರಲ್ಲಿ ಕೆಲವರು ಮನೆ ಹುಡುಕುವಾಗ "ಆ ಕಡೆ ಬೇಡ, ಕರಿಯರು ಜಾಸ್ತಿ" ಅಂತ ಸಲೀಸಾಗಿ ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಆ ಲೋಟ ನೆನಪಾಗುತ್ತದೆ. ಅತ್ತೆ, ಬೇಜಾರು ಮಾಡ್ಕೋಬೇಡಿ, ಇದು ನಿಮಗೆ ಹೇಳಿದ್ದಲ್ಲ. ಯಾರಿಗೆ ಅಂತ ಅವರಿಗೆ ಗೊತ್ತು.

ಮುಂದಿನ ಭಾಗದಲ್ಲಿ ಟಸ್ಕೀಗಿ ಬಗ್ಗೆ ಬರೆಯುತ್ತೇನೆ. ಸರ್ಕಾರಿ ಆರೋಗ್ಯ ಇಲಾಖೆಯೇ 1932ರಿಂದ 40 ವರ್ಷ ಕಪ್ಪು ಗಂಡಸರಿಗೆ ಸಿಫಿಲಿಸ್ ಚಿಕಿತ್ಸೆ ಕೊಡದೆ ಸುಮ್ಮನೆ ನೋಡುತ್ತಾ ಕೂತ ಕತೆ. ಅದರಲ್ಲಿ ಒಬ್ಬಳು ನರ್ಸೂ ಇದ್ದಳು. ಇಲ್ಲಿಯ ವಯಸ್ಸಾದ ಕಪ್ಪು ರೋಗಿಗಳು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಯಾಕೆ ನಾಲ್ಕು ಸಲ ಪ್ರಶ್ನೆ ಕೇಳುತ್ತಾರೆ ಅನ್ನುವುದು ಅದರಿಂದ ಗೊತ್ತಾಗುತ್ತದೆ. ಬೆಳಿಗ್ಗೆ ಏಳಕ್ಕೆ ಡ್ಯೂಟಿ ಇದೆ, ಮಲಗುತ್ತೇನೆ. ಚಿಕ್ಕಪ್ಪ, ಓದಿದ ಮೇಲೆ ಫೋನ್ ಮಾಡಿ.