ಎಕರೆ-ಗುಂಟೆಗಳ ನಡುವಣ ಬಿಂದು: ಕೋಲಾರ ಸೀಮೆಯ ಪಹಣಿಗಳನ್ನು ಕುರಿತು ಒಂದು ಟಿಪ್ಪಣಿ

ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಪಹಣಿಯಲ್ಲಿ 1.20 ಎಂದಿದ್ದರೆ ಅದು ಒಂದು ಎಕರೆ ಇಪ್ಪತ್ತು ಗುಂಟೆ, ಎಂದರೆ ಒಂದೂವರೆ ಎಕರೆ. ಗಡಿ ದಾಟಿ ಚಿತ್ತೂರು ಸೀಮೆಗೆ ಹೋದೊಡನೆ ಅದೇ ಅಂಕೆಗಳು ಒಂದು ಎಕರೆ ಇಪ್ಪತ್ತು ಸೆಂಟುಗಳಾಗುತ್ತವೆ. ನಮ್ಮ ಲೆಕ್ಕಕ್ಕೆ ಇಳಿಸಿದರೆ ಒಂದು ಎಕರೆ ಎಂಟು ಗುಂಟೆ ಮಾತ್ರ. ಮಾಲೂರಿನಾಚೆಯ ಹೊಸೂರು ಕಡೆಯೂ ಸೆಂಟಿನ ಲೆಕ್ಕವೇ. ಗಡಿಯಲ್ಲಿ ನೆಂಟಸ್ತಿಕೆ, ಜಮೀನು ಎರಡನ್ನೂ ಉಳ್ಳ ಕುಟುಂಬಗಳಿಗೆ ಇದು ಸಣ್ಣ ಸಂಗತಿಯಲ್ಲ.

ಈ ಭೇದಕ್ಕೆ ಕಾರಣ ಚರಿತ್ರೆಯಲ್ಲಿದೆ. ಮದರಾಸು ಆಧಿಪತ್ಯದಲ್ಲಿ ಎಕರೆಯನ್ನು ನೂರು ಸೆಂಟುಗಳಾಗಿ ಭಾಗಿಸುತ್ತಿದ್ದರು. ಮೈಸೂರು ಸೀಮೆಯಲ್ಲಾದರೋ 1863ರಲ್ಲಿ ಆರಂಭವಾದ ಕಂದಾಯ ಮೋಜಣಿಯು ಬೊಂಬಾಯಿಯ ಮಾದರಿಯನ್ನು ಅನುಸರಿಸಿತು. 33 ಅಡಿ ಸರಪಳಿಯ ಒಂದು ಚೌಕವೇ ಗುಂಟೆ, ಎಂದರೆ 1,089 ಚದರಡಿ. ಅಂಥ 40 ಗುಂಟೆಗೆ ಒಂದು ಎಕರೆ, ಗುಂಟೆಗೆ 16 ಆಣೆ. ಆದುದರಿಂದ ಸೆಂಟಿನ ಬಿಂದು ನಿಜವಾದ ದಶಾಂಶ ಬಿಂದು. ಗುಂಟೆಯ ಬಿಂದು ಗಂಟೆ-ನಿಮಿಷಗಳ ನಡುವಣ ಚುಕ್ಕೆಯಂತೆ ಬರಿಯ ಗೆರೆ. 1.20ಕ್ಕೆ 1.30ನ್ನು ಕೂಡಿದರೆ ನಮಗೆ ಬರಬೇಕಾದುದು 2.50 ಅಲ್ಲ, 3.10.

‘ಭೂಮಿ’ ಯೋಜನೆಯಿಂದ ಪಹಣಿಗಳು ಗಣಕಕ್ಕೇರಿದ ಮೇಲೆಯೂ ಎಕರೆ-ಗುಂಟೆಗಳ ಬರೆಹ ಉಳಿದು ಬಂದಿದೆ. ಸಂಖ್ಯೆಯ ರೂಪವನ್ನು ಬದಲಿಸುವುದು ಬೇರೆ, ಸಂಖ್ಯೆಯನ್ನೇ ಸವರಿ ಪೂರ್ಣಗೊಳಿಸುವುದು ಬೇರೆ ಎಂದು ಗಣಕ ಕ್ರಮವಿಧಿಯನ್ನು ಬರೆಯುವವರು ಹೇಳುತ್ತಾರೆ: ಮೊದಲನೆಯದರಲ್ಲಿ ಬೆಲೆ ಮಾರ್ಪಡುವುದಿಲ್ಲ, ಎರಡನೆಯದರಲ್ಲಿ ಮಾರ್ಪಡುತ್ತದೆ. ಗುಂಟೆಯ ವಿಷಯದಲ್ಲಿ ಈ ಮಾತು ಪೂರ್ತಿ ನಿಲ್ಲದು. ತರಗತಿಗಾಗಿ ಕೋಷ್ಟಕವೊಂದನ್ನು ಸಿದ್ಧಪಡಿಸುವಾಗ ನಾನು 1.20 ಎಂದು ಒತ್ತಿದೆ. ಯಂತ್ರವು ಕೊನೆಯ ಸೊನ್ನೆ ವ್ಯರ್ಥವೆಂದು ಬಗೆದು 1.2 ಎಂದು ತೋರಿಸಿತು. ವಿದ್ಯಾರ್ಥಿಯೊಬ್ಬನು ಅದನ್ನು ಒಂದು ಎಕರೆ ಎರಡು ಗುಂಟೆ ಎಂದೇ ಓದಿದನು. ಅವನದೇನೂ ತಪ್ಪಿಲ್ಲ, ರೂಪ ಮಾತ್ರ ಬದಲಾಗಿ ಹದಿನೆಂಟು ಗುಂಟೆ ಮಾಯವಾಗಿತ್ತು.

ಸವರುವಿಕೆಯಿಂದ ಆಗುವ ನಷ್ಟ ಇನ್ನೊಂದು ಬಗೆಯದು. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದಾಗ ಎರಡಾಣೆಗೆ ಸಲ್ಲಬೇಕಾದ ಹನ್ನೆರಡೂವರೆಯನ್ನು 12 ಎಂದು ನಿಗದಿಮಾಡಿದರು. ಎಂಟು ಸಲ ಎರಡೆರಡಾಣೆ ಕೂಡಿದರೆ ರೂಪಾಯಿ. ಎಂಟು ಸಲ ಹನ್ನೆರಡು ಕೂಡಿದರೆ 96. ಅಲ್ಲಿ ಹೋದುದು ನಾಲ್ಕು ಪೈಸೆ. ಒಂದು ಎಕರೆಯನ್ನು ಮೂವರು ಅಣ್ಣತಮ್ಮಂದಿರಿಗೆ ಹಂಚಿ, ತಲಾ 13 ಗುಂಟೆಯೆಂದು ಸವರಿದರೆ ಮೊತ್ತ 39. ಕಳೆದ ಒಂದು ಗುಂಟೆ ಇಂದು ಕೋಲಾರದ ಹೊರವಲಯದಲ್ಲಿ ಹೆಚ್ಚುಕಡಿಮೆ ಒಂದು ನಿವೇಶನಕ್ಕೆ ಸಮ.

ಹಳೆಯ ಆಣೆಯೇ ಇಲ್ಲಿ ನೆರವಾಗಬಲ್ಲದೆಂದು ನನಗೆ ತೋರುತ್ತದೆ. ಗಣಕದೊಳಗೆ ಎಕರೆಯನ್ನು 640 ಆಣೆಗಳ ಪೂರ್ಣಸಂಖ್ಯೆಯಾಗಿಯೇ ಇರಿಸಿ, ಮುದ್ರಿಸುವಾಗ ಮಾತ್ರ ಎಕರೆ, ಗುಂಟೆ, ಆಣೆಗಳಾಗಿ ಬಿಡಿಸಿದರೆ ಆ ಮೂವರಿಗೆ 213, 213, 214 ಆಣೆಗಳು ಬರುತ್ತವೆ, ಮೊತ್ತ ಕೆಡುವುದಿಲ್ಲ. ಹೆಚ್ಚಿನ ಆ ಒಂದು ಆಣೆ ಯಾರ ಹಿಸ್ಸೆಗೆ ಸೇರತಕ್ಕದ್ದೆಂಬುದನ್ನು ಮಾತ್ರ ವಿಭಾಗಪತ್ರದಲ್ಲಿ ಹೆಸರು ಹಿಡಿದು ಬರೆಯಬೇಕಾಗುತ್ತದೆ.